ತಂತಿ ಅಜ್ಜಿಯ ಬೆರಳು

ಗೌರಿ ಹಬ್ಬಕ್ಕೆಂದು ಅಮ್ಮ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಹುಳಿಯೂ ಹಿತ್ತಾಳೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ಎದುರುಮನೆಯ ತಂತಿ ಅಜ್ಜಿ ಬೆರಳಲ್ಲಿ ಒತ್ತಿ ತಂತಿ ಕಳಿಸುವ ತಮ್ಮ ಹಳೆಯ ಹಿತ್ತಾಳೆಯ ಟೆಲಿಗ್ರಾಫ್ ಕೀಯನ್ನು ಹೀಗೇ ಉಜ್ಜುತ್ತಿದ್ದರು...

ಜಯನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ತಂತಿ ಕಚೇರಿಯಲ್ಲಿ ಇಡೀ ನೌಕರಿ ಕಳೆದವರು, ಮದುವೆ ಬೇಡವೆಂದವರು, ಮಹಾ ಜಗಳಗಂಟಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳಿಗೆ ಅವರ ಜಗಲಿಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

"ಬಾಯಿ ಬಡ್ಕೊಳ್ಳೋದೊಂದು ಕಲ್ತಿದ್ದೀಯ. ಸುಮ್ನಿರೋದು ಕಲಿಯೇ. ಮೋರ್ಸ್ ಕೋಡಲ್ಲಿ ಅರ್ಧ ಕೆಲಸ ಸುಮ್ನಿರೋದೇ."

ಅದು ಗದರಿಕೆ ಮಾತ್ರ ಆಗಿರಲಿಲ್ಲ, ಚರಿತ್ರೆಯೂ ಆಗಿತ್ತು. ತಂತಿ ಹುಟ್ಟಿದ ಕಾಲದಲ್ಲಿ ಮೊದಲು ಪದಕ್ಕೊಂದು ಸಂಖ್ಯೆ ಕೊಟ್ಟು, ಬರೀ ಸಂಖ್ಯೆ ಕಳಿಸಿ, ಆ ತುದಿಯಲ್ಲಿ ನಿಘಂಟು ತೆರೆದು ಪದ ಹುಡುಕುವ ಯೋಜನೆಯಿತ್ತಂತೆ. ಅದನ್ನು ಬಿಟ್ಟು ಅಕ್ಷರಗಳಿಗೆ ಚುಕ್ಕಿ-ಗೆರೆಗಳ ಗುರುತು ಮಾಡಿದರು: ಕೀಯನ್ನು ಒತ್ತಿ ತಕ್ಷಣ ಬಿಟ್ಟರೆ ಚುಕ್ಕಿ, ತುಸು ಹೊತ್ತು ಒತ್ತಿಹಿಡಿದರೆ ಗೆರೆ. ಅಮೆರಿಕದ ಆ ಹಳೆಯ ಸಂಕೇತದಲ್ಲಿ ಸಿ, ಆರ್, ಎಸ್ ಮೂರಕ್ಕೂ ಮೂರೇ ಚುಕ್ಕಿ. ಬಿಡುವು ಎಲ್ಲಿ ಬಿತ್ತು ಎನ್ನುವುದಷ್ಟೇ ವ್ಯತ್ಯಾಸ. ತಂತಿ ಉದ್ದವಾದಂತೆ ಬಿಡುವುಗಳು ಕಲಸಿಹೋಗಿ ಒಂದಕ್ಷರ ಇನ್ನೊಂದಾಗುತ್ತಿತ್ತು. ಜರ್ಮನಿಯಲ್ಲಿ ಅಕ್ಷರದೊಳಗಿನ ಆ ಬಿಡುವುಗಳನ್ನು ಕಿತ್ತುಹಾಕಿದರು, ಜಗತ್ತು ಅದನ್ನೇ ಹಿಡಿಯಿತು. ಆದರೂ ಅಕ್ಷರ ಅಕ್ಷರದ ನಡುವೆ ಬಿಡುವು ಬೇಕೇ ಬೇಕು.

"ಜರ್ಮನ್ನವ್ರು ಸಂಸ್ಕೃತ ಓದಿದ್ರು, ಅದಕ್ಕೇ ಹೊಳೀತು," ಎಂದು ಅಜ್ಜಿ ಬಾಲ ಸೇರಿಸುತ್ತಿದ್ದರು.

"ಆಧಾರ ಕೊಡಿ ಅಜ್ಜಿ."

"ಆಧಾರ ಅಂತೆ ಆಧಾರ! ನಿನ್ ಆಧಾರ್ ಕಾರ್ಡ್ ತಗೊಂಡ್ ಬಾ, ಆಮೇಲ್ ಮಾತಾಡು."

ಶುದ್ಧ ಸುಳ್ಳು, ಅದನ್ನು ನಾನು ಒಪ್ಪಲೇ ಇಲ್ಲ. ಆದರೆ ಅವರ ಇನ್ನೊಂದು ಮಾತನ್ನು ಒಪ್ಪಿಕೊಂಡೆ. "ಅನುಮಾನ ಬಂದ್ರೆ ವಾಪಸ್ ಕೇಳ್ಬೇಕು. ಊಹೆ ಮಾಡೋನು ತಂತಿ ತಟ್ಟೋ ಸಿಗ್ನಲರ್ ಅಲ್ಲ, ಜೋಯಿಸ."

ಮುಂದೆ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆಸ್ಪತ್ರೆಯ ಮಂಚದ ಅಂಚನ್ನು ಬಲಗೈಯ ತೋರುಬೆರಳು ಮಾತ್ರ ತಟ್ಟುತ್ತಿತ್ತು. ನಡುಕವೋ, ಮಾತೋ... ಯಾರಿಗೂ ಗೊತ್ತಿರಲಿಲ್ಲ. ಗಿರಿನಗರದಿಂದ ಬಂದಿದ್ದ ಅವರ ತಮ್ಮನ ಮಗನಿಗೆ ಮಾತ್ರ ಗೊತ್ತಾಗಿಬಿಟ್ಟಿತು. ಫೋನಿನಲ್ಲಿ ಮೋರ್ಸ್ ಕೋಡಿನ ಪಟ್ಟಿ ತೆರೆದು, ಕಣ್ಣೀರು ಸುರಿಸುತ್ತಾ ಕೂಗಿದರು: "ಎಚ್, ಓ, ಎಮ್, ಇ! ಹೋಮ್! ಅತ್ತೆ ಮನೆಗೆ ಹೋಗ್ಬೇಕಂತಿದಾರೆ!"

"ಅಂಕಲ್, ಬೆರಳಲ್ಲಿ ತಟ್ಟಿದ್ರೆ ಎಲ್ಲಾ ಚುಕ್ಕಿನೇ. ಗೆರೆ ಎಲ್ಲಿಂದ ಬಂತು?" ಮಂಚದ ಇನ್ನೊಂದು ಬದಿಯಲ್ಲಿದ್ದ ನಾನು ಕೇಳಿದೆ.

"ತಡೆದು ತಡೆದು ತಟ್ಟಿದ್ರಲ್ಲಮ್ಮ, ಅದೇ ಗೆರೆ."

"ಹಾಗಾದ್ರೆ ಅಕ್ಷರ ಮುಗಿದಿದ್ದೆಲ್ಲಿ? ಅಲ್ಲೂ ತಡೀಬೇಕಲ್ವಾ? ಇನ್ನೊಂದ್ಸಲ ಕೇಳೋಣ. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು ತಟ್ಟಲಿ."

"ಸಾಯೋರ್ ಮುಂದೆನೂ ನಿನ್ ಡಿಬೇಟಾ? ಆಚೆ ನಡಿ!"

ಸಾಯುವವರು ಎಂದು ವೈದ್ಯರು ಹೇಳಿರಲಿಲ್ಲ. ಇನ್ನೂ ಕೆಲವು ದಿನ ಇಲ್ಲೇ ಇರಲಿ, ಚೇತರಿಸಿಕೊಳ್ಳಬಹುದು ಎಂದಿದ್ದರು. ವೈದ್ಯರ ಮಾತು ಮೀರಿ ಅಂಕಲ್ ಸಹಿ ಹಾಕಿ, ಅಜ್ಜಿಯನ್ನು ಗಿರಿನಗರಕ್ಕೆ ಸಾಗಿಸಿದರು. ವಾರ ತುಂಬುವ ಮೊದಲೇ ಅಜ್ಜಿ ತೀರಿಕೊಂಡರು. ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಅವರು ಅತ್ತೆಯನ್ನು ನಿಜವಾಗಿ ಪ್ರೀತಿಸುತ್ತಿದ್ದರು. ಆ ಪ್ರೀತಿಯೇ ಸಾಕ್ಷ್ಯವೆಂದು ನಂಬಿಬಿಟ್ಟಿದ್ದರು. ನನ್ನ ಸಿಟ್ಟು ಅದಕ್ಕೇ ಇಳಿಯುವುದಿಲ್ಲ.

ನಿನ್ನೆ ನಾಲ್ಕನೇ ಬ್ಲಾಕಿನ ಹೂವಿನ ಅಂಗಡಿಯ ಮುಂದೆ ಅವರೇ ಎದುರಾದರು. ಜೊತೆಗಿದ್ದ ಸ್ನೇಹಿತರಿಗೆ ಅದೇ ಪವಾಡ ಹೇಳುತ್ತಿದ್ದರು: ಮಾತು ಹೋದ ಅತ್ತೆ ಬೆರಳಲ್ಲೇ ಕಡೆಯ ಆಸೆ ತಿಳಿಸಿದರು, ನಾನು ನಡೆಸಿಕೊಟ್ಟೆ. ನನ್ನನ್ನು ಕಂಡು ಮುಖ ಅರಳಿತು. "ಬೇಕಾದ್ರೆ ಇವಳನ್ನೇ ಕೇಳಿ ಸಾರ್, ಇವಳ ಕಣ್ಮುಂದೆನೇ ಆಗಿದ್ದು."

ನನ್ನನ್ನೇ ಸಾಕ್ಷಿ ಮಾಡಿಬಿಟ್ಟರು!

"ಅಂಕಲ್," ಎಂದೆ, "ಹೋಮ್ ಅಂತಲೇ ಅಂದಿದ್ರು ಅಂತಿಟ್ಕೊಳ್ಳೋಣ. ಅಜ್ಜಿ ಮನೆ ಇದ್ದಿದ್ದು ಜಯನಗರದಲ್ಲಿ. ನೀವು ಕರ್ಕೊಂಡು ಹೋಗಿದ್ದು ನಿಮ್ಮನೆಗೆ."

"ಹಬ್ಬದ್ ಟೈಮಲ್ಲಿ ಇದೆಲ್ಲಾ ಯಾಕಮ್ಮ..." ಎಂದು ಅವರು ಸೇವಂತಿಗೆಯ ಕಡೆ ತಿರುಗಿದರು.

ವಾದ ಗೆದ್ದೆ. ಏನು ಬಂತು? ಆ ಬೆರಳು ಏನನ್ನೂ ಹೇಳಲಿಲ್ಲವೆಂದು ನಾನೂ ಸಾಧಿಸಲಾರೆ. 'ನನ್ನನ್ನು ಇಲ್ಲೇ ಉಳಿಸಿ' ಎಂದಿತ್ತೋ, 'ನೀರು ಕೊಡಿ' ಎಂದಿತ್ತೋ... ಒಂದೇ ಒಂದು ಸಲ ಕೇಳಿದ್ದರೆ ತಿಳಿಯಬಹುದಿತ್ತು. ಅಜ್ಜಿ ಅಲ್ಲೇ ಮಲಗಿದ್ದರು, ಕಣ್ಣು ಬಿಟ್ಟುಕೊಂಡು.