ಅಕ್ಕನ ಕುರುಡಿ ಮೀನು ಮತ್ತು ಒಂದು ಅಮಾವಾಸ್ಯೆ

ಮೊನ್ನೆ ಕುಮಟೆಯ ಮೀನುಪೇಟೆಯಲ್ಲಿ ನಾನು ಕೊಂಡ ಮೀನಿನ ಹೊಟ್ಟೆಯನ್ನು ಮಾರುವವಳು ಸೀಳಿದಾಗ ಹಳದಿ ಮೊಟ್ಟೆಯ ಗಟ್ಟಿಯೊಂದು ಜಾರಿ ಹೊರಬಂತು. ನನಗೆ ತದಡಿಯ ಅಕ್ಕ ನೆನಪಾದಳು. ನೀವು ನಗಬಹುದು. ಮೀನಿನ ಮೊಟ್ಟೆ ನೋಡಿ ಅಕ್ಕನನ್ನು ನೆನೆಯುವ ತಮ್ಮ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಅಕ್ಕ ಮೀನುಗಾರಿಕೆ ಓದಿದವಳು. ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಅಳಿವೆಯ ಉಪ್ಪುನೀರು ತುಂಬಿಸಿ, ಕುರುಡಿ ಎಂಬ ಜಾತಿಯ ಮೀನು ಸಾಕಿ, ಮರಿ ಮಾಡಿಸಲು ಹೊರಟಿದ್ದಳು. ವರ್ಷಗಳು ಹೋದರೂ ಒಂದು ಮೊಟ್ಟೆಯಿಲ್ಲ. "ಈ ಸಲವೂ ಆಗದಿದ್ರೆ ತೊಟ್ಟಿ ಮುಚ್ಚಿ ಗೋಕರ್ಣದ ಪ್ರವಾಸಿಗಳಿಗೆ ರೂಮು ಕಟ್ಟೂದೇ" ಎಂದು ಭಾವ ಹೇಳಿಬಿಟ್ಟಿದ್ದರು. ಮೇಸ್ತ್ರಿ ಬಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದ.

ಆ ಬೇಸಿಗೆಯ ಕೊನೆಗೆ ನಾನು ಸಹಾಯಕ್ಕೆಂದು ಹೋದೆ. ಸಹಾಯವೆಂದರೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಚಿಂತೆ ಮಾಡುವುದು. ಆ ಕೆಲಸದಲ್ಲಿ ನನಗೆ ಒಳ್ಳೆಯ ಅನುಭವವಿದೆ.

ಈ ಮೀನು ಮೊಟ್ಟೆ ಬಿಡುವುದು ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಅದೂ ಹೊತ್ತು ಮುಳುಗಿದ ಮೇಲೆ. ತೊಟ್ಟಿಯಲ್ಲಿದ್ದದ್ದಕ್ಕೆ ಹಾರ್ಮೋನಿನ ಸೂಜಿಯೂ ಬೇಕು. ಹುಣ್ಣಿಮೆಯ ಹೊತ್ತಿಗೆ ಅಕ್ಕ ಹೆಣ್ಣುಮೀನಿನ ಹೊಟ್ಟೆಯಿಂದ ಸಣ್ಣ ನಳಿಗೆಯಲ್ಲಿ ಒಂದಿಷ್ಟು ಮೊಟ್ಟೆ ಎಳೆದು, ಸೂಕ್ಷ್ಮದರ್ಶಕದಲ್ಲಿ ಇಣುಕಿ, ಸೂಜಿಮದ್ದನ್ನು ಫ್ರಿಜ್ಜಿಗೆ ವಾಪಸಿಟ್ಟಳು.

"ಎಂತ ಆತೇ?" ಎಂದರು ಭಾವ.

"ಮೊಟ್ಟೆ ಇನ್ನೂ ಬಲೀಲಿಲ್ಲ."

"ಬಲೀಲಿ ಅಂತಲೇ ಅಲ್ವ ಸೂಜಿ?"

"ಅಲ್ಲ ಮಾರಾಯ್ರೆ. ಬಲಿಸೂದು ಬೇಸಿಗೆ. ದಿನ ಉದ್ದ ಆಗ್ಬೇಕು, ನೀರು ಬೆಚ್ಚಗಾಗ್ಬೇಕು, ಅದು ಮೀನಿನ ಮಿದುಳಿಗೆ ಗೊತ್ತಾಗ್ಬೇಕು. ಸೂಜಿ ಬರೀ ಬಾಗಿಲು ತೆಗೀತದೆ. ಒಳಗೆ ಯಾರೂ ಹೊರಟು ನಿಂತಿಲ್ಲ."

"ಅಮಾಸೆಯೊಳಗೆ ಮಳೆ ಹಿಡಿದ್ರೆ? ಅಳಿವೆ ನೀರು ಸಪ್ಪೆ ಆದ್ರೆ ಈ ವರ್ಷದ್ದು ಮುಗೀತು!"

"ಮುಗೀತು. ತಮಾ, ನೀನು ಹಾಗೆ ಬೆವರಬೇಡ, ಮೀನಿಗೆ ಗಾಬರಿ ಆಗ್ತದೆ."

ನಾನಾಗಿದ್ದರೆ ಅಂದೇ ಮೀನಿಗೊಂದು ಚುಚ್ಚಿ, ಭಾವನಿಗೂ ಒಂದು ಚುಚ್ಚಿಬಿಡುತ್ತಿದ್ದೆ. ಅವಳಿಗೆ ಭಯವಿರಲಿಲ್ಲವೆಂದಲ್ಲ. ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದಳು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಆದರೂ ಮೀನಿನ ಮೈಯೊಳಗಿನ ಪಂಚಾಂಗವನ್ನು ತನ್ನ ಅವಸರಕ್ಕೆ ತಿದ್ದಲಿಲ್ಲ.

ಅಮಾವಾಸ್ಯೆಯ ಹೊತ್ತಿಗೆ ಮೊಟ್ಟೆ ಬಲಿತಿತ್ತು. ಬೆಳಿಗ್ಗೆ ಸೂಜಿ ಹಾಕಿದಳು. ಮರುದಿನ ಸಂಜೆ ಕಡಲ ಮೇಲೆ ಮೋಡ ಕವಿಯಿತು. ನಾನು ಜಗಲಿಯ ದೀಪ ಹಾಕಲು ಎದ್ದರೆ ಭಾವ ಕೈ ಹಿಡಿದರು. "ಬ್ಯಾಡ್ವೋ. ಸಂಜೆ ಆದದ್ದು ಅವಕ್ಕೂ ಗೊತ್ತಾಗ್ಬೇಕಲ್ಲ!"

ಮೇಸ್ತ್ರಿಯನ್ನು ಕರೆಸಿದ ಮನುಷ್ಯ!

ಮಬ್ಬಿನಲ್ಲಿ ಗಂಡುಮೀನು ಹೆಣ್ಣಿನ ಪಕ್ಕೆಗೆ ಉಜ್ಜುತ್ತ ಸುತ್ತಿತು. ನೀರು ಕದಡಿತು, ಅಡಗಿತು, ಮತ್ತೆ ಕದಡಿತು. ಅಕ್ಕ ಬೊಗಸೆಯಲ್ಲಿ ನೀರೆತ್ತಿ ನೋಡಿದಳು. ರವೆ ಚೆಲ್ಲಿದ ಹಾಗೆ ಮೊಟ್ಟೆ! ಅವಳು ಅಳತೊಡಗಿದ್ದಕ್ಕೂ ಮಳೆಯ ಮೊದಲ ಹನಿ ಬಿದ್ದದ್ದಕ್ಕೂ ಸರಿಹೋಯಿತು. ಹೊಸ ರೂಮಿನ ಸಿಮೆಂಟಿಗೆ ಹೊದೆಸಲು ತಂದಿಟ್ಟಿದ್ದ ತಾಡಪಾಲನ್ನು ಭಾವ ಎಳೆದು ತಂದು ತೊಟ್ಟಿಗೆ ಹೊದೆಸಿದರು. ತಾವು ನೆನೆಯುತ್ತ ನಿಂತರು.

ಇಷ್ಟೆಲ್ಲ ನೆನೆಯುತ್ತ ಮೊನ್ನೆ ಮನೆಗೆ ಬಂದರೆ, ಕಾಲೇಜು ಮುಗಿಸಿ ಮುಂದೇನೆಂದು ಇನ್ನೂ ಹೇಳದ ಮಗಳು ಬಾಗಿಲು ತೆಗೆದಳು. ದಿನವೂ ಕೇಳುವ ಪ್ರಶ್ನೆ ಗಂಟಲತನಕ ಬಂತು. ಚೀಲ ಕೊಟ್ಟು, "ಚಾ ಕುಡಿಯೂದಾ?" ಎಂದೆ.

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೇನೋ ಎಂದು.