ಪುಟ್ಟಿ ಉಸಿರು ಹಿಡಿದಾಗ

ಅವರೆಕಾಯಿ ಸುಲಿಯುತ್ತ ಕೂತಿದ್ದೇನೆ. ಈ ಸೊಗಡು ಮೂಗಿಗೆ ಬಡಿದರೆ ನಿಮಗೆ ಸಾರು ನೆನಪಾಗಬಹುದು. ನನಗೆ ನೆನಪಾಗುವುದು ತುಮಕೂರಿನಲ್ಲಿ ಬಾಡಿಗೆ ಮನೆ ಕೇಳಲು ಬಂದ ದಿನ. ಓನರ್ ರತ್ನಮ್ಮ ಅಂದು ಮೊರದ ತುಂಬ ಅವರೆಕಾಯಿ ಹರವಿಕೊಂಡಿದ್ದರು.

ಗುಬ್ಬಿ ಬಿಟ್ಟು ಬಂದದ್ದು ನಮ್ಮ ಮಗಳು ಪುಟ್ಟಿಯ ಚಿಕಿತ್ಸೆಗೆ. ಅವಳಿಗೆ ರೆಟ್ ಸಿಂಡ್ರೋಮ್ ಎಂಬ ಮಿದುಳಿನ ಕಾಯಿಲೆ. ಕಲಿತ ನಾಲ್ಕು ಮಾತನ್ನೂ ಮರೆತು, ಸದಾ ಕೈ ಹೊಸೆಯುತ್ತ ಕೂರುವ ಹುಡುಗಿ. ಒಮ್ಮೆ ಏದುಸಿರು ಬಿಡುತ್ತಾಳೆ, ಒಮ್ಮೆ ಉಸಿರನ್ನೇ ಹಿಡಿದುಬಿಡುತ್ತಾಳೆ.

"ಹಠ ಕಣೇ, ಮುಖಕ್ಕೆ ಊದು," ಎನ್ನುತ್ತಿದ್ದರು ಕುಣಿಗಲ್ಲಿನ ನಮ್ಮತ್ತೆ. ಹಠವಲ್ಲ, ಉಸಿರಿನ ಲಯ ಕಾಯುವ ಮಿದುಳೇ ತಪ್ಪುತ್ತದೆ ಎಂದರು ಡಾಕ್ಟರು. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಜೀವಕೋಶಗಳೂ ಒಳಗೊಳಗೇ ಸವೆಯುತ್ತವಂತೆ. ಅದಕ್ಕೆ ಮದ್ದು ಇನ್ನೂ ಹುಡುಕುತ್ತಿದ್ದಾರಂತೆ. ಅಂದಿನಿಂದ ಅತ್ತೆ ನೆಲ್ಲಿಕಾಯಿ ಕಳಿಸತೊಡಗಿದರು. ಚೊಂಬಿನ ಕಿಲುಬನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೆಗೆದವರು, ಈ ತುಕ್ಕಿಗೂ ಹುಳಿಯೇ ಆದೀತೆಂದು ನಂಬಿದರು.

ನಮ್ಮದೋ ಇನ್ನೊಂದು ಚಾಳಿ. ಪುಟ್ಟಿ ಉಸಿರು ಹಿಡಿದರೆ ನಾವೂ ಮಾತು ನಿಲ್ಲಿಸುತ್ತಿದ್ದೆವು. ಉಸಿರು ಬಂದ ಮೇಲೆಯೇ ಮಾತಿನ ಉಳಿದರ್ಧ. ಅದು ವಿಚಿತ್ರವೆಂದು ನಮಗೇ ತಿಳಿದಿರಲಿಲ್ಲ.

ಅಂದು ರತ್ನಮ್ಮ ಕೇಳಿದರು: "ಮಗು ಗಲಾಟೆ ಗಿಲಾಟೆ ಮಾಡಲ್ಲ ತಾನೆ?"

ಸರಿಯಾಗಿ ಆಗಲೇ ಪುಟ್ಟಿ ಉಸಿರು ಹಿಡಿದಳು. ನಾನೂ ನನ್ನ ಯಜಮಾನರೂ ಗಪ್‌ಚುಪ್.

"ಕೇಳಿದ್ದಕ್ಕೆ ಉತ್ತರ ಇಲ್ಲ. ಏನೋ ಬಚ್ಚಿಡ್ತಾ ಇದೀರಾ. ಮನೆ ಕೊಡಲ್ಲ ಬುಡಿ," ಎಂದು ಅವರು ಮೊರ ಎತ್ತಿಕೊಂಡು ಎದ್ದೇಬಿಟ್ಟರು.

ಪುಟ್ಟಿ ಹುಸ್ಸೆಂದು ಉಸಿರು ಬಿಟ್ಟಳು. "ಮಾಡಲ್ಲ ಕಣ್ರೀ," ಎಂದು ಇಬ್ಬರೂ ಒಟ್ಟಿಗೇ ಬಾಯಿಬಿಟ್ಟೆವು. ಎಷ್ಟೋ ಮನೆ ತಪ್ಪಿಹೋಗಿದ್ದವು. ಇದೂ ಹೋದರೆ ಮತ್ತೆ ಮಗುವನ್ನು ಎತ್ತಿಕೊಂಡು ಗುಬ್ಬಿ ಬಸ್ಸು ಹತ್ತಬೇಕು. ಇದ್ದದ್ದನ್ನೆಲ್ಲ ಹೇಳಿದೆ.

ರತ್ನಮ್ಮ ಮತ್ತೆ ಕೂತರು. "ಅವಳು ಉಸ್ರು ಹಿಡಿದ್ರೆ ನೀವ್ಯಾಕ್ರೀ ಬಾಯಿ ಮುಚ್ಕೊಳೋದು? ಎಲ್ಲಾರೂ ಹಂಗೆ ಗುರಾಯಿಸ್ಕೊಂಡು ನಿಂತ್ರೆ ಮಗು ಹೆದ್ರಲ್ವಾ?" ಆಮೇಲೆ, "ಸಾಮಾನು ಯಾವತ್ತು ತರ್ತೀರಾ?"

ಅವರ ಮೊದಲ ಪ್ರಶ್ನೆಯಿಂದಲೇ ನನಗದು ಹೊಳೆದದ್ದು: ನಾವು ಸುಮ್ಮನಾಗುತ್ತಿದ್ದುದು ಅವಳಿಗಾಗಿ ಅಲ್ಲ, ನಮ್ಮ ಭಯಕ್ಕಾಗಿ.

ಇಗೋ, ಪಕ್ಕದಲ್ಲಿ ಪುಟ್ಟಿ ಈಗ ಉಸಿರು ಹಿಡಿದಿದ್ದಾಳೆ. ನಾನು ಇನ್ನೊಂದು ಅವರೆಕಾಯಿ ಸುಲಿಯುತ್ತೇನೆ. "ನಿಮ್ಮಪ್ಪನ ಗಾಡಿ ಪಂಕ್ಚರ್ ಅಂತೆ ಕಣೇ," ಎನ್ನುತ್ತೇನೆ, "ಊರ್ಡಿಗೆರೆ ಹತ್ರ ತಳ್ಕೊಂಡು ಬರ್ತಾವ್ರಂತೆ, ಆ ಹೊಟ್ಟೆ ಹೊತ್ಕೊಂಡು." ಅವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಉಸಿರು ಇನ್ನೂ ಬಂದಿಲ್ಲ. ನಾನು ಮಾತಾಡುತ್ತಲೇ ಇದ್ದೇನೆ.