ಶನಿವಾರದ ಸ್ಪಂಜು

ವೈನಿಯ ಬಲಗೈ ಮೊಣಕೈತನಕ ಯಾವಾಗಲೂ ಒದ್ದೆ. ಬಳೆ ಗಾಜಿಗೆ ತಾಗಿದರೆ ಮೀನು ಬೆದರುತ್ತವೆಂದು ಅವನ್ನೆಲ್ಲ ಮೇಲಕ್ಕೆ ಏರಿಸಿ, ಕೆಳಗೆ ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಬಿಗಿದು, ಆ ಕೈಯನ್ನು ನೀರಿನೊಳಗೆ ಇಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ರಬ್ಬರ್ ಬ್ಯಾಂಡ್ ತೆಗೆಯುವುದು ಮರೆತು ಹಾಗೇ ಕಚೇರಿಗೆ ಹೋಗಿಬಿಡುತ್ತಿದ್ದರು. ಸಂಜೆ ಮನೆಗೆ ಬಂದಾಗ ತೋಳಿನ ಮೇಲೆ ಒಂದು ಕೆಂಪು ಗೆರೆ ಮೂಡಿರುತ್ತಿತ್ತು.

ಬಳೆ ಹಸಿರಾಗಿದ್ದವೆಂದು ನನ್ನ ನೆನಪು. ಆ ಕಾಲದ ಒಂದು ಫೋಟೋ ನನ್ನ ಹತ್ತಿರ ಇದೆ, ಅದರಲ್ಲಿ ಕೆಂಪಾಗಿವೆ. ಇತಿಹಾಸ ಓದಿ, ಇತಿಹಾಸ ಕಲಿಸಿಯೇ ಹೊಟ್ಟೆ ಹೊರೆದವನು ನಾನು. ಒಬ್ಬನೇ ಸಾಕ್ಷಿ, ಅವನಿಗೋ ಸತ್ತವರ ಮೇಲೆ ಪ್ರೀತಿ, ಬರೆದದ್ದೋ ಎಷ್ಟೋ ವರ್ಷದ ಮೇಲೆ. ಇಂಥದ್ದನ್ನು ವಿದ್ಯಾರ್ಥಿಗಳು ಬರೆದು ತಂದರೆ ಇನ್ನೊಂದು ಆಧಾರ ಹುಡುಕಿ ಬನ್ನಿ ಎಂದು ವಾಪಸ್ ಕಳಿಸುತ್ತಿದ್ದೆ. ಬಳೆಯ ಬಣ್ಣ ಬಿಟ್ಟುಬಿಡೋಣ. ಕೆಂಪು ಗೆರೆ ಮಾತ್ರ ನಿಜ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಧಾರವಾಡದ ಕಡೆಯಿಂದ ಪುಣೆಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಆ ಶಬ್ದ ಇನ್ನೂ ಉಳಿದಿದೆ. ತೊಂಬತ್ತರ ದಶಕದ ಮೊದಲಲ್ಲಿ ನಾನು ಎಂ.ಎ. ಮುಗಿಸಿ, ಸಂಶೋಧನೆಗೆಂದು ಬಂದು ಅವರ ಮನೆಯಲ್ಲೇ ಉಳಿದುಕೊಂಡೆ. ವೈನಿ ಪುಣೆಯ ಕ್ಯಾಂಪ್ ಭಾಗದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಅಣ್ಣ ಇಂದಾಪುರದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದ. ಶನಿವಾರ ಸಂಜೆ ಎಸ್.ಟಿ. ಬಸ್ಸು ಹಿಡಿದು ಬರುವುದು, ಸೋಮವಾರ ನಸುಕಿನಲ್ಲಿ ಸ್ವಾರಗೇಟಿಗೆ ಹೋಗಿ ಮತ್ತೆ ಅದೇ ಎಸ್.ಟಿ. ಹತ್ತುವುದು. ಅವನ ಅಂಗಿಗೆ ಕಾಕಂಬಿಯ ವಾಸನೆ ಅಂಟಿಕೊಂಡಿರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಮನೆಯಲ್ಲಿ ಸಿಗುವ ಒಂದು ರವಿವಾರವನ್ನು ಅಣ್ಣ ತೊಳೆಯುವುದರಲ್ಲಿ ಕಳೆಯುತ್ತಿದ್ದ. ಫ್ಯಾನಿನ ರೆಕ್ಕೆ, ಗ್ಯಾಸ್ ಒಲೆಯ ಬರ್ನರ್, ಕಿಟಕಿಯ ಸರಳು, ನನ್ನ ಸೈಕಲ್ಲು. ವಾರವೆಲ್ಲ ಮನೆಯಲ್ಲಿರದೆ ಹೋದದ್ದನ್ನು ಒಂದೇ ದಿನ ತಿಕ್ಕಿ ಒರೆಸಿ ಸರಿ ಮಾಡುವವನಂತೆ ಕಾಣುತ್ತಿದ್ದ. ಮಾತು ಅವನಿಗೆ ಬರುತ್ತಿರಲಿಲ್ಲ. ಹೆಂಡತಿಯ ಮೇಲಿನ ಅಕ್ಕರೆಯೆಲ್ಲ ಆ ಒದ್ದೆ ಬಟ್ಟೆಯಲ್ಲಿತ್ತು.

ಮೀನಿನ ತೊಟ್ಟಿ ತಂದವನೂ ಅವನೇ. ಕ್ಯಾಂಪಿನಿಂದ ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಒಂದು ಜೋಡಿ ಏಂಜಲ್ ಮೀನು, ಕೆಲವು ಕೆಂಪು ಪ್ಲಾಟಿ, ಒಂದು ಕಪ್ಪು ಮೋಲಿ, ನೀರನ್ನು ಎಳೆದುಕೊಂಡು ಸ್ಪಂಜಿನಲ್ಲಿ ಸೋಸುವ ಸಣ್ಣದೊಂದು ಪಂಪು. "ಒಬ್ಬಾಕಿ ಇರ್ತಿ. ಜೋಡಿಗೆ ಇರ್ಲಿ" ಅಂದ. ಅದೇ ಮನೆಯಲ್ಲಿ ನಾನೂ ಇದ್ದೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ವೈನಿ ನನ್ನ ಮುಖ ನೋಡಿ ನಕ್ಕರು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ರವಿವಾರ ಅಣ್ಣನ ಕಣ್ಣು ಆ ಸ್ಪಂಜಿನ ಮೇಲೆ ಬಿತ್ತು. ಕಂದಾಗಿತ್ತು, ಲೋಳೆ ಹಿಡಿದಿತ್ತು. ಅಣ್ಣ ಅದನ್ನು ಕಿತ್ತು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಸೋಪು ಹಚ್ಚಿ, ಹೊಸದರಂತೆ ಬಿಳಿಯಾಗುವ ತನಕ ತಿಕ್ಕಿದ. ತೊಟ್ಟಿಯ ನೀರನ್ನೂ ಪೂರ್ತಿ ಚೆಲ್ಲಿ ಹೊಸ ನೀರು ತುಂಬಿದ. ಗಾಜು ಫಳಫಳ ಹೊಳೆಯಿತು. "ನೋಡ, ಎಷ್ಟ ಹೊಲಸ ಇತ್ತು" ಎಂದು ವೈನಿಯನ್ನು ಕರೆದು ತೋರಿಸಿದ. ಸೋಮವಾರ ಖುಷಿಯಿಂದ ಬಸ್ಸು ಹತ್ತಿದ.

ಮರುದಿನ ನೀರು ಅಕ್ಕಿ ತೊಳೆದ ನೀರಿನಂತೆ ಮಂಜಾಯಿತು. ಅದರ ಮರುದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸತೊಡಗಿದವು. ವೈನಿ ಕಚೇರಿಗೆ ರಜೆ ಹಾಕಿದರು. ತಂಬಿಗೆಯಲ್ಲಿ ನೀರು ಎತ್ತಿ ಎತ್ತರದಿಂದ ಸುರಿದರು. ಯಾವ ಗಾಯಕ್ಕೂ ಅರಿಶಿಣವೇ ಮದ್ದೆಂದು ನಂಬಿದವರು, ಒಂದು ಚಿಟಿಕೆ ಅದನ್ನೂ ಹಾಕಿದರು. ನೀರು ಹಳದಿಯಾಯಿತೇ ಹೊರತು ಮೀನು ಚೇತರಿಸಿಕೊಳ್ಳಲಿಲ್ಲ. ವಾರದ ಕೊನೆಗೆ ಉಳಿದದ್ದು ಕಪ್ಪು ಮೋಲಿ ಒಂದೇ.

ಅವರು ಅತ್ತರೋ ಇಲ್ಲವೋ, ನನಗೆ ನೆನಪಿಲ್ಲ. ಸತ್ತ ಏಂಜಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ಅವರು ಆಡಿದ ಮಾತು ಮಾತ್ರ ಕಿವಿಯಲ್ಲಿದೆ. "ನಿಮ್ಮಣ್ಣಗ ಹೇಳಬ್ಯಾಡ."

ಶನಿವಾರ ಬೆಳಿಗ್ಗೆ ಇಬ್ಬರೂ ಕ್ಯಾಂಪಿನ ಮೀನಿನ ಅಂಗಡಿಗೆ ಹೋದೆವು. ಅಂಗಡಿಯವನು ಹಿಂದಿಯಲ್ಲಿ ಬೈದುಕೊಳ್ಳುತ್ತಲೇ ವಿವರಿಸಿದ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಅದನ್ನು ತಿಂದು ತೀರಿಸುವ, ಕಣ್ಣಿಗೆ ಕಾಣದ ಜೀವಗಳು ಆ ಸ್ಪಂಜಿನ ಕೊಳೆಯಲ್ಲೇ ಮನೆ ಮಾಡಿಕೊಂಡಿರುತ್ತವೆ. ಸೋಪು, ನಲ್ಲಿ ನೀರಿನ ಔಷಧಿ ಎರಡೂ ಅವನ್ನು ಕೊಲ್ಲುತ್ತವೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಒಮ್ಮೆ ಹಿಂಡಿದರೆ ಸಾಕು. ನೀರನ್ನೂ ಒಂದೇ ಸಲ ಪೂರ್ತಿ ಬದಲಿಸಬಾರದು. ನಾನು ಅವನನ್ನು ಅಡ್ಡಪ್ರಶ್ನೆ ಕೇಳುತ್ತ ನಿಂತಿದ್ದೆ. ವೈನಿಗೆ ಅಷ್ಟರಲ್ಲಿ ಎಲ್ಲ ತಿಳಿದುಹೋಗಿತ್ತು.

"ಹೆಪ್ಪಿನ ಬಟ್ಟಲಾ ತಿಕ್ಕಿ ತೊಳದಿಟ್ಟು, ಮೊಸರ್ಯಾಕ ಆಗಲಿಲ್ಲ ಅಂದಂಗಾತು" ಎಂದರು.

ಹೆಪ್ಪಿಲ್ಲದವರು ಪಕ್ಕದ ಮನೆಯಿಂದ ತರುವುದಿಲ್ಲವೇ, ಹಾಗೆ ಅಂಗಡಿಯವನ ತೊಟ್ಟಿಯಿಂದ ಒಂದು ತುಂಡು ಕೊಳಕು ಸ್ಪಂಜನ್ನು ಕೇಳಿ ಪಡೆದರು. ಸತ್ತವುಗಳದೇ ಬಣ್ಣದ, ಸತ್ತವುಗಳಷ್ಟೇ ದೊಡ್ಡ ಮೀನುಗಳನ್ನು ಹುಡುಕಿಸಿದರು. ಬಸ್ಸಿನಲ್ಲಿ ಮೀನಿನ ಚೀಲ ನನ್ನ ಕೈಗೆ ಬಂತು. ಸ್ಪಂಜಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವರು ಅವರು.

ಅಣ್ಣ ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಮುಂದೆ ಬಗ್ಗಿದ.

"ಏಂಜಲ್ ಯಾಕೋ ಸಣ್ಣ ಆದಂಗ ಕಾಣ್ತಾವಲ್ಲ?"

"ನೀವಿಲ್ಲಂತ ಸೊರಗ್ಯಾವ್ರಿ" ಅಂದರು ವೈನಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಅಣ್ಣನ ಕಿವಿ ಕೆಂಪಾಯಿತು. ಅವನು ನಾಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವರು ಹೇಳಲು ನೋಡಲಿಲ್ಲವೆಂದಲ್ಲ. ಮರುದಿನ ಊಟಕ್ಕೆ ಕೂತಾಗ, ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದಂತೆ, ಮೀನಿಗೆ ತ್ರಾಸವಂತೆ, ಅಂಗಡಿಯವನು ಅಂದನೆಂದು ಮಾತು ತೆಗೆದರು. ಅಣ್ಣ ಅನ್ನ ಕಲಸುತ್ತಿದ್ದ ಕೈ ಹಾಗೇ ನಿಲ್ಲಿಸಿದ. "ಅಂದ್ರ ಹೋದ ವಾರ ನಾ ತೊಳದಿದ್ದಕ್ಕ ಏನರ ಆತೇನು?" ಎಂದು ಕೇಳಿದ. ಆಗಿನ ಅವನ ಮುಖ ನನಗೆ ಇನ್ನೂ ಕಾಣುತ್ತದೆ. ವೈನಿ ತಕ್ಷಣ ಮಾತು ತಿರುಗಿಸಿದರು. ಏನೂ ಆಗಿಲ್ಲ, ಸೋಪಿನ ವಾಸನೆ ಅಷ್ಟೇ ಉಳಿಯಿತು, ಬರೀ ನೀರಿನಲ್ಲಿ ತೊಳೆದರೆ ಆಯಿತು, ನೀರು ಮಾತ್ರ ಅರ್ಧ ಬದಲಿಸಿರಿ ಎಂದರು. ಅಣ್ಣ ಉಸಿರು ಬಿಟ್ಟು ಸಾರು ಹಾಕಿಸಿಕೊಂಡ.

ಅಲ್ಲಿಂದ ಶುರುವಾಯಿತು ಎರಡು ಸ್ಪಂಜಿನ ಸಂಸಾರ. ಒಂದು, ವಾರವೆಲ್ಲ ತೊಟ್ಟಿಯಲ್ಲಿರುವ ನಿಜವಾದ ಸ್ಪಂಜು. ಇನ್ನೊಂದು, ಅಣ್ಣ ತೊಳೆಯುವುದಕ್ಕೆಂದು ಇಟ್ಟದ್ದು. ಶನಿವಾರ ಸಂಜೆ ಅಣ್ಣ ಬರುವ ಮೊದಲು ನಿಜವಾದದ್ದನ್ನು ತೆಗೆದು, ತೊಟ್ಟಿಯದೇ ನೀರು ತುಂಬಿದ ಬೋಗುಣಿಯಲ್ಲಿ ಇಟ್ಟು, ತಟ್ಟೆ ಮುಚ್ಚಿ ಅಡುಗೆಮನೆಯ ಕಟ್ಟೆಯ ಕೆಳಗೆ ಸರಿಸುತ್ತಿದ್ದರು. ತೊಟ್ಟಿಗೆ ಇನ್ನೊಂದನ್ನು ಹಾಕುತ್ತಿದ್ದರು. ಆದರೆ ಬಿಳಿಯ ಸ್ಪಂಜನ್ನು ಯಾರು ತೊಳೆದಾರು? ಅದಕ್ಕೇ ಶುಂಠಿ ಚಹಾ ಮಾಡುವಾಗ ಹಾಲು, ಸಕ್ಕರೆ ಬೀಳುವ ಮುಂಚೆ ಒಂದು ಲೋಟ ಬರೀ ಡಿಕಾಕ್ಷನ್ ತೆಗೆದಿಟ್ಟು, ಆ ಸ್ಪಂಜನ್ನು ಅದರಲ್ಲಿ ಅದ್ದಿ ಹಿಂಡುತ್ತಿದ್ದರು. ನೋಡಿದರೆ ವಾರದ ಕೊಳೆಯೆಲ್ಲ ಅದರಲ್ಲೇ ಕೂತಂತೆ ಕಾಣುತ್ತಿತ್ತು.

ರವಿವಾರ ಅಣ್ಣ ಅದನ್ನು ಬಚ್ಚಲಿನ ನಲ್ಲಿಯ ಕೆಳಗೆ ಹಿಡಿಯುತ್ತಿದ್ದ. ಕಂದು ನೀರು ಹರಿಯುತ್ತಿತ್ತು. "ನೋಡ, ಎಷ್ಟ ಹೊಲಸ ಇತ್ತು" ಎಂದು ಕರೆಯುತ್ತಿದ್ದ. ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಾಗಿಲ ಚೌಕಟ್ಟಿಗೆ ಒರಗಿ, "ಅಯ್ಯ, ಹೌದ್ರಿ. ನೀವಿಲ್ಲಂದ್ರ ಹೆಂಗ ಆಗ್ತಿತ್ತು" ಅನ್ನುತ್ತಿದ್ದರು. ನನ್ನ ಕಡೆ ಅಪ್ಪಿತಪ್ಪಿಯೂ ನೋಡುತ್ತಿರಲಿಲ್ಲ. ಸೋಮವಾರ ಅಣ್ಣ ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಬೋಗುಣಿ ಹೊರಗೆ ಬರುತ್ತಿತ್ತು.

ಉಳಿದ ದಿನಗಳಲ್ಲಿ ಅವರ ಪದ್ಧತಿ ಬೇರೆಯೇ. ನೀರಿನಲ್ಲಿ ಬೆರಳಿಟ್ಟು ಮೂಸಿ ನೋಡುವುದು, ಥೇಟ್ ಮೊಸರು ಹುಳಿಯಾಯಿತೇ ಎಂದು ನೋಡುವಂತೆ. ಮಳೆಗಾಲದಲ್ಲಿ ಕಾರ್ಪೊರೇಷನ್ ನೀರಿನ ಔಷಧಿ ವಾಸನೆ ಜಾಸ್ತಿ. ಬಕೆಟ್ಟಿನಲ್ಲಿ ಹಿಡಿದು ಮರುದಿನದ ತನಕ ಬಿಟ್ಟು ಆಮೇಲೆ ಹಾಕುವುದು. ಕರೆಂಟು ಹೋಗಿ ಪಂಪು ನಿಂತರೆ ತಂಬಿಗೆ ಹಿಡಿದು ಕೂರುವುದು. ಮೇಲಿನ ಮನೆಯ ಹೆಂಗಸು ಒಂದು ದಿನ ಬಂದು, ನೀವು ಮೀನು ತಿನ್ನುವವರೇ ಎಂದು ಮರಾಠಿಯಲ್ಲಿ ಅನುಮಾನದಿಂದ ಕೇಳಿದಾಗ, ಇಲ್ಲ, ಇವೇ ನಮ್ಮನ್ನು ತಿನ್ನುತ್ತಿವೆ ಎಂದು ಮರಾಠಿಯಲ್ಲೇ ಉತ್ತರ ಕೊಟ್ಟಿದ್ದರು.

ಈ ನಾಟಕ ಎಷ್ಟು ದಿನ, ಒಂದು ಸಲ ನಿಜ ಹೇಳಿಬಿಡಿ ಎಂದು ನಾನು ವಾದಕ್ಕೆ ಇಳಿದಿದ್ದೆ. ಆ ವಯಸ್ಸಿನಲ್ಲಿ ನಿಜಕ್ಕಿಂತ ದೊಡ್ಡದಿಲ್ಲವೆಂಬ ಹಮ್ಮು ನನಗೆ. ದೇವರನ್ನು, ಜಾತಕವನ್ನು, ಅಣ್ಣ ಹೇಳುವ ನಮ್ಮ ಅಜ್ಜನ ಕಥೆಗಳನ್ನು, ಯಾವುದನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ವೈನಿ ಕೈಯನ್ನು ನೀರಿನಿಂದ ಹೊರಗೆ ತೆಗೆಯದೆ ಹೇಳಿದರು: "ನಿಮ್ಮಣ್ಣ ಸ್ಪಂಜ್ ತೊಳೀತಾರ, ನೀ ತಲಿ ತೊಳೀತಿ. ಸ್ವಲ್ಪ ಕೊಳಿ ಬಿಡಪಾ, ಏನರ ಬದುಕ್ಲಿ."

ಆಗ ನಗೆ ಬಂತು. ಆಮೇಲೆ ಎಷ್ಟೋ ಸಲ, ಯಾರದೋ ಸಂಶೋಧನೆಯನ್ನು ಹರಿದು ಹಾಕಲು ಕೂತಾಗ, ಆ ಮಾತು ಬಂದು ಕೈ ಹಿಡಿದಿದೆ. ಈ ಬರಹವನ್ನು ನಾನೇ ಹರಿದು ಹಾಕದೆ ಇಷ್ಟು ದೂರ ತಂದದ್ದೂ ಆ ಮಾತಿನಿಂದಲೇ ಇರಬೇಕು.

ಕೆಲವು ವರ್ಷಗಳ ಮೇಲೆ ನನಗೆ ಪುಣೆಯ ಹತ್ತಿರದ ಭೋರ್‌ನಲ್ಲಿ ಕಾಲೇಜಿನ ಕೆಲಸ ಸಿಕ್ಕಿತು. ಶನಿವಾರ, ರವಿವಾರ ಪುಣೆಗೆ ಬರುತ್ತಿದ್ದೆ. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಅಣ್ಣ ಕಾರ್ಖಾನೆ ಬಿಟ್ಟು ಪುಣೆಯಲ್ಲೇ ಒಂದು ಕಚೇರಿ ಸೇರಿದ. ಇನ್ನಾದರೂ ಬೋಗುಣಿಯ ಗುಟ್ಟು ಹೊರಗೆ ಬಂದೀತು ಅಂದುಕೊಂಡೆ. ಬರಲಿಲ್ಲ. ಶನಿವಾರ ಸಂಜೆ ಅಣ್ಣ ಕಾಯಿಪಲ್ಯ ತರಲು ಹೋಗುತ್ತಿದ್ದ. ಆ ಹೊತ್ತಿನಲ್ಲಿ ಸ್ಪಂಜು ಬದಲಾಗುತ್ತಿತ್ತು. ಸೋಮವಾರ ಅವನು ಕಚೇರಿಗೆ ಹೊರಟ ಮೇಲೆ ಮತ್ತೆ ಬದಲಾಗುತ್ತಿತ್ತು. ಪೇಟೆಯಿಂದ ತಿರುಗಿ ಬರುವಾಗ ಅಣ್ಣ ಮೆಟ್ಟಿಲ ಮೇಲೆಯೇ ಜೋರಾಗಿ ಕೆಮ್ಮುತ್ತಿದ್ದ. ಈ ಕೆಮ್ಮು ನಿಜವಾಗಿ ಇತ್ತೋ, ಮುಂದೆ ನಡೆದದ್ದಕ್ಕೆ ಹೊಂದಲೆಂದು ನನ್ನ ನೆನಪೇ ಅದನ್ನು ಸೇರಿಸಿಕೊಂಡಿದೆಯೋ, ನನಗೆ ಗೊತ್ತಿಲ್ಲ.

ವೈನಿಗೆ ಕಾಯಿಲೆ ಬಂದದ್ದು ಒಂದು ಮಳೆಗಾಲದಲ್ಲಿ. ಗೊತ್ತಾಗುವಾಗಲೇ ತಡವಾಗಿತ್ತು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದ್ದು ಅದೇ ಬಲಗೈಗೆ. ಬಳೆಗಳನ್ನು ನರ್ಸ್ ಮೇಲಕ್ಕೆ ಏರಿಸಿ ಪಟ್ಟಿ ಹಚ್ಚಿದ್ದಳು. ಅಣ್ಣ ಔಷಧಿ ತರಲು ಕೆಳಗಿಳಿದಿದ್ದ. ವೈನಿ ನನ್ನನ್ನು ಹತ್ತಿರ ಕರೆದರು.

"ಶನಿವಾರ ಮರೀಬ್ಯಾಡ. ರವಿವಾರ ಅವರಿಗೆ ತೊಳೀಲಿಕ್ಕೆ ಏನರ ಇರಬೇಕು."

ಹೂಂ ಅಂದೆ. ಆಸ್ಪತ್ರೆಯಿಂದ ಅವರು ಮನೆಗೆ ತಿರುಗಿ ಬರಲಿಲ್ಲ.

ಕರ್ಮಗಳೆಲ್ಲ ಮುಗಿದು, ನೆಂಟರು ಊರಿಗೆ ಹೋದ ಮೇಲೆ ಬಂದ ಮೊದಲ ಶನಿವಾರ. ಅಣ್ಣ ಪೇಟೆಗೆ ಹೋಗುವುದನ್ನೇ ಕಾಯುತ್ತ ಹೊರಗಿನ ಕೋಣೆಯಲ್ಲಿ ಕೂತಿದ್ದೆ. ಅವನು ಹೋಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಎದ್ದು ಹೋಗಿ ನೋಡಿದೆ. ಕಟ್ಟೆಯ ಕೆಳಗೆ ಬೋಗುಣಿ ಇತ್ತು, ಅದರಲ್ಲಿ ಕಂದು ಸ್ಪಂಜು ಆಗಲೇ ಮುಳುಗಿತ್ತು. ಒಲೆಯ ಮೇಲೆ ಚಹಾಪುಡಿಯ ನೀರು ಕುದಿಯುತ್ತಿತ್ತು. ಬಿಳಿಯ ಸ್ಪಂಜನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅಣ್ಣ ಡಬ್ಬಿಗಳಲ್ಲಿ ಏನನ್ನೋ ಹುಡುಕುತ್ತಿದ್ದ.

"ಶುಂಠಿ ಎಲ್ಲಿಡ್ತಿದ್ಲೊ?" ಅಂದ, ತಿರುಗಿ ನೋಡದೆ.

ಜಾಗ ತೋರಿಸಿದೆ. ಅವನು ಜಜ್ಜಿ ಹಾಕಿದ. ನಾನು ಕೇಳಿದೆ:

"ಅಣ್ಣಾ, ನಿನಗ ಯಾವಾಗಿಂದ ಗೊತ್ತದ?"

"ಮೀನಿನ ಸ್ಪಂಜ್ ಶುಂಠಿ ಚಹಾ ನಾರೂದು ಎಲ್ಯರ ಕೇಳೀ ಏನು?"

"ಮತ್ತ ಒಂದ್ ಮಾತ ಹೇಳಲಿಲ್ಲ?"

ಅವನು ಒಲೆ ಸಣ್ಣ ಮಾಡಿದ. "ಹೇಳಿದ್ರ ಅಕಿ ಚಹಾ ಹಾಕೂದು ಬಿಡ್ತಿದ್ಲು."

ಇದನ್ನು ನಾನು ಪೂರ್ತಿ ನಂಬಿಲ್ಲ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತೋ, ಇಲ್ಲ ಆಸ್ಪತ್ರೆಯ ಆ ಗಲಿಬಿಲಿಯ ದಿನಗಳಲ್ಲಿ ನಾನೇ ಬಾಯಿ ಬಿಟ್ಟಿದ್ದೆನೋ? ವೈನಿಯೇ ಹೇಳಿ ಹೋದರೋ? ಅವನಿಗೆ ಗೊತ್ತಿರುವುದು ವೈನಿಗೆ ಗೊತ್ತಿತ್ತೋ? ಹಾಗಿದ್ದರೆ ಅಷ್ಟು ವರ್ಷ ಆ ಮನೆಯಲ್ಲಿ ಗುಟ್ಟು ಎಂದುಕೊಂಡಿದ್ದವನು ನಾನೊಬ್ಬನೇ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಅವರನ್ನು ಒಂದು ಸಲ ಕೇಳಬೇಕು ಅನ್ನಿಸುತ್ತದೆ. ಉತ್ತರ ಬೇಕೆಂದಲ್ಲ, ತಲಿ ತೊಳೀತಿ ಎಂದು ಇನ್ನೊಮ್ಮೆ ಬೈಸಿಕೊಳ್ಳಬೇಕೆಂದು.

ಮರುದಿನ ಬೆಳಿಗ್ಗೆ ಅಣ್ಣ ಸ್ಪಂಜನ್ನು ಬಚ್ಚಲಿನ ನಲ್ಲಿಯ ಕೆಳಗೆ ಹಿಡಿದು ಹಿಂಡಿದ. ಕಂದು ನೀರು ಹರಿಯಿತು, ಶುಂಠಿಯ ವಾಸನೆ ಕೋಣೆಯೆಲ್ಲ ತುಂಬಿತು. ಇಷ್ಟು ಗಾಢವಾದ ವಾಸನೆ ಇಷ್ಟು ವರ್ಷ ನನ್ನ ಮೂಗಿಗೆ ಹೇಗೆ ಬಡಿಯಲಿಲ್ಲವೋ.

"ನೋಡ, ಎಷ್ಟ ಹೊಲಸ ಇತ್ತು" ಎಂದು ಅಣ್ಣ ಅಡುಗೆಮನೆಯ ಕಡೆ ಮುಖ ಮಾಡಿ ಕರೆದ.

ಆ ಮಾತಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ವೈನಿಯ ಬಗ್ಗೆ ನನಗೆ ನೆನಪಿರುವುದರಲ್ಲೆಲ್ಲ, ಒಂದಕ್ಷರವೂ ಅನುಮಾನವಿಲ್ಲದ್ದು ಆ ಉತ್ತರವೊಂದೇ. ಆದರೆ ಅದು ಅವರದು. ನಾನು ಹೋಗಿ ಚೌಕಟ್ಟಿನ ಹತ್ತಿರ ನಿಂತೆ. ನೀರು ತಿಳಿಯಾಗುವ ತನಕ ಅಣ್ಣ ಹಿಂಡುತ್ತಲೇ ಇದ್ದ.